ರಸ್ತೆ ಅಪಘಾತವಾದ ಮೇಲೆ: ಮೊದಲ ಗಂಟೆಯಿಂದ ಪರಿಹಾರದ ಅರ್ಜಿಯವರೆಗೆ

ಅಪಘಾತವಾಗಿ ಎರಡು ಮೂರು ತಿಂಗಳು ಕಳೆದ ಮೇಲೆ ಓದುಗರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಅವತ್ತು ಕೇಸು ಮಾಡಿಸಲಿಲ್ಲ ಸಾರ್. ಆಸ್ಪತ್ರೆ ಖರ್ಚೆಲ್ಲ ನಾವೇ ನೋಡ್ಕೋತೀವಿ ಅಂದಿದ್ರು, ಈಗ ಫೋನೇ ಎತ್ತಲ್ಲ. ಏನಾದ್ರೂ ಮಾಡಬಹುದಾ?" ಮಾಡಬಹುದು, ಆದರೆ ದಾರಿ ಕಷ್ಟದ್ದಾಗಿರುತ್ತದೆ. ಪರಿಹಾರದ ಅರ್ಜಿ ನಿಲ್ಲುವುದೂ ಬೀಳುವುದೂ ಬಹುಪಾಲು ಮೊದಲ ಎರಡು ಮೂರು ದಿನಗಳಲ್ಲಿ ತಯಾರಾಗುವ ಕಾಗದಗಳ ಮೇಲೆ. ಆ ದಿನಗಳಲ್ಲಿ ಮನೆಯವರು ಐಸಿಯು ಬಾಗಿಲಲ್ಲಿ ನಿಂತಿರುತ್ತಾರೆ, ಕಾಗದದ ಕಡೆ ಯಾರಿಗೂ ಗಮನವಿರುವುದಿಲ್ಲ. ಅದಕ್ಕೇ ಇದನ್ನು ಇವತ್ತೇ ಓದಿಕೊಳ್ಳಿ, ಮನೆಯಲ್ಲಿ ಗಾಡಿ ಓಡಿಸುವವರಿಗೂ ಓದಿಸಿ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಶಿರಾಡಿ, ಚಾರ್ಮಾಡಿ ಘಾಟಿಗಳು, ಮುಳ್ಳಯ್ಯನಗಿರಿ ಕಡೆಗೆ ಹತ್ತುವ ಪ್ರವಾಸಿಗರ ಗಾಡಿಗಳು, ಕೊಯ್ಲಿನ ಕಾಲದಲ್ಲಿ ಆಳುಗಳನ್ನು ತುಂಬಿಕೊಂಡು ಓಡುವ ಪಿಕಪ್‌ಗಳು ನಮ್ಮಲ್ಲಿನ ಪ್ರಕರಣಗಳಿಗೆ ಬೇರೆಯದೇ ತೊಡಕು ತರುತ್ತವೆ.

1. ಮೊದಲು ಜೀವ

ಇನ್ನೊಂದು ಗಾಡಿ ಬಂದು ಗುದ್ದದ ಹಾಗೆ ನೋಡಿಕೊಳ್ಳಿ. ಘಾಟಿಯ ತಿರುವಿನಲ್ಲಿ, ಮಂಜಿನಲ್ಲಿ, ಮೊದಲ ಅಪಘಾತಕ್ಕಿಂತ ಎರಡನೆಯದು ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳಬಹುದು. ನಾಲ್ಕೂ ಇಂಡಿಕೇಟರ್ ಹಾಕಿ, ತಿರುವಿನ ಆಚೆ ಒಬ್ಬರನ್ನು ನಿಲ್ಲಿಸಿ ಮೊಬೈಲ್ ಟಾರ್ಚ್ ತೋರಿಸಲು ಹೇಳಿ.

ನಂತರ ಫೋನ್. 112 ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸೇರಿದ ತುರ್ತು ಸಂಖ್ಯೆ. 108 ಆಂಬುಲೆನ್ಸ್. ರಾಷ್ಟ್ರೀಯ ಹೆದ್ದಾರಿಯಾದರೆ 1033. ಘಾಟಿಯಲ್ಲಿ ಹಲವು ಕಡೆ ಸಿಗ್ನಲ್ ಇರುವುದಿಲ್ಲ. ಅಂಥಲ್ಲಿ ಎದುರು ಬರುವ ಬಸ್ಸಿನ ಡ್ರೈವರ್ ಕೈಗೆ ಸ್ಥಳ, ಗಾಯಾಳುಗಳ ಸಂಖ್ಯೆ ಬರೆದ ಚೀಟಿ ಕೊಟ್ಟು ಮುಂದಿನ ಊರಿನಿಂದ ಫೋನ್ ಮಾಡಲು ಹೇಳಿ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಆಂಬುಲೆನ್ಸ್ ಹುಡುಕಾಡಬೇಕಿಲ್ಲ.

ಗಾಯಾಳುವನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸಬೇಡಿ. ಕತ್ತು, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯಿಂದಲೇ ಜೀವನಪೂರ್ತಿ ಮಲಗುವಂತಾಗಬಹುದು. ಬೆಂಕಿ, ಮುಳುಗುವ ಭಯದಂಥ ಕಾರಣವಿಲ್ಲದಿದ್ದರೆ ಇದ್ದಲ್ಲೇ ಇರಲಿ, ತಲೆ ಅಲುಗದಂತೆ ಒಬ್ಬರು ಹಿಡಿದುಕೊಳ್ಳಿ. ಉಸಿರಾಡಲು ಅಡ್ಡಿಯಾಗದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ, ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ನೀರು ಕುಡಿಸಬೇಡಿ: ಪ್ರಜ್ಞೆ ಸರಿಯಿಲ್ಲದವರಿಗೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಆಪರೇಷನ್‌ಗೂ ತೊಂದರೆಯಾಗುತ್ತದೆ. ನಮ್ಮ ಜನಕ್ಕೆ ಮೊದಲು ಹೊಳೆಯುವುದೇ ನೀರು. ಪ್ರೀತಿಯಿಂದಲೇ ಕೊಡುತ್ತಾರೆ, ಆದರೂ ತಡೆಯಿರಿ.

ದಾರಿಹೋಕರು ಹೆದರಿ ದೂರ ನಿಲ್ಲುವುದಕ್ಕೆ ಈಗ ಕಾರಣವಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಸಹಾಯ ಮಾಡಿದವರನ್ನು ರಕ್ಷಿಸುತ್ತದೆ. ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ಅವರಿಂದ ಚಿಕಿತ್ಸೆಯ ದುಡ್ಡು ಕೇಳುವಂತಿಲ್ಲ. ಸಾಕ್ಷಿಯಾಗುವಂತೆ ಬಲವಂತ ಮಾಡುವಂತಿಲ್ಲ. ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರದ ರಾಹ್‌ವೀರ್ ಯೋಜನೆಯಡಿ 25,000 ರೂಪಾಯಿ ಬಹುಮಾನವೂ ಇದೆ.

2. ಗಾಡಿ ಓಡಿಸುತ್ತಿದ್ದವರು ನೀವೇ ಆಗಿದ್ದರೆ

ಓಡಿಹೋಗಬೇಡಿ. 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೂ ವಿಮಾ ಕಂಪನಿಗೂ ವಿಷಯ ತಿಳಿಸುವುದು ಚಾಲಕನ ಕರ್ತವ್ಯ. ಸ್ಥಳದಲ್ಲಿ ಪೊಲೀಸರು ಸಿಗದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಿ ಹೇಳಬೇಕು. ಜನ ಸೇರಿ ಹೊಡೆಯುವ ಪರಿಸ್ಥಿತಿಯಿದ್ದರೆ ಅಲ್ಲೇ ನಿಂತು ಪೆಟ್ಟು ತಿನ್ನಬೇಕೆಂದು ಕಾನೂನು ಹೇಳುವುದಿಲ್ಲ, ಅದಕ್ಕೆ ಅದೇ ಕಲಮಿನಲ್ಲಿ ವಿನಾಯಿತಿಯಿದೆ. ಆಗ ನೇರವಾಗಿ ಠಾಣೆಗೆ ಹೋಗಿ, ಹೋಗುತ್ತಾ 112ಕ್ಕೆ ಫೋನ್ ಮಾಡಿ. ಠಾಣೆಗೆ ಹೋದವನಿಗೂ ತಪ್ಪಿಸಿಕೊಂಡು ಹೋದವನಿಗೂ ಕೋರ್ಟಿನಲ್ಲಿ ಬಹಳ ವ್ಯತ್ಯಾಸವಿದೆ.

ಸ್ಥಳದಲ್ಲಿ ತಪ್ಪು ಯಾರದೆಂದು ವಾದಕ್ಕೆ ನಿಲ್ಲಬೇಡಿ. ಮಾಲೀಕರ ಮಾತು ಕೇಳಿ ಲೈಸೆನ್ಸ್ ಇಲ್ಲದವನ ಬದಲು ಲೈಸೆನ್ಸ್ ಇರುವವನನ್ನು ಚಾಲಕನೆಂದು ತೋರಿಸಲು ಒಪ್ಪಲೇಬೇಡಿ. ಒಪ್ಪಿದವನು ಮಾಡದ ತಪ್ಪಿಗೆ ಆರೋಪಿಯಾಗುತ್ತಾನೆ, ಸುಳ್ಳು ಹೊರಬಿದ್ದರೆ ಗಾಯಾಳುವಿನ ಪರಿಹಾರವೂ ಮುಳುಗುತ್ತದೆ. ಗಾಡಿಯನ್ನೇ ಬದಲಾಯಿಸಿ ವಿಮೆ ಇರುವ ಗಾಡಿಯ ನಂಬರ್ ಕೊಡುವುದೂ ಇಂಥದ್ದೇ ಅಪರಾಧ. "ಪಾಪ, ಅವರಿಗೆ ನಾಲ್ಕು ಕಾಸು ಸಿಗಲಿ" ಎಂದು ಊರಿನವರೇ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ವಿಮೆ ಇಲ್ಲದ ಗಾಡಿಯ ಮಾಲೀಕನ ಮೇಲೂ ಪರಿಹಾರ ಕೇಳಲು ಬರುತ್ತದೆ.

3. ಫೋಟೋ, ನಂಬರ್, ಸಾಕ್ಷಿ

ಗಾಡಿಗಳನ್ನು ಸರಿಸುವ ಮುಂಚೆ ಜೊತೆಯಲ್ಲಿದ್ದ ಯಾರಾದರೂ ಫೋಟೋ ತೆಗೆಯಲಿ. ಮುರಿದ ಹೆಡ್‌ಲೈಟಿನ ಹತ್ತಿರದ ಚಿತ್ರ ಎಲ್ಲರೂ ತೆಗೆಯುತ್ತಾರೆ. ಬೇಕಾದದ್ದು ದೂರದ ಚಿತ್ರ: ರಸ್ತೆಯ ಎರಡೂ ಅಂಚು, ಮಧ್ಯದ ಬಿಳಿ ಗೆರೆ, ಯಾವ ಗಾಡಿ ಗೆರೆಯ ಯಾವ ಕಡೆ ನಿಂತಿದೆ, ಬ್ರೇಕ್ ಹಾಕಿದ ಗುರುತು ಎಲ್ಲಿಂದ ಶುರುವಾಗಿದೆ, ಗಾಜಿನ ಚೂರು ಎಲ್ಲಿ ಬಿದ್ದಿದೆ. ತಿರುವಿನಲ್ಲಿ ಎದುರುಬದುರು ಗುದ್ದಿದ ಪ್ರಕರಣದಲ್ಲಿ ಯಾರು ತನ್ನ ಎಡಬದಿ ಬಿಟ್ಟು ಬಂದರು ಎಂಬುದನ್ನು ಹೇಳುವುದು ಈ ಒಂದು ಚಿತ್ರವೇ. ಮಳೆಯಲ್ಲಿ ಈ ಗುರುತುಗಳು ಅರ್ಧ ಗಂಟೆಯೂ ಉಳಿಯುವುದಿಲ್ಲ.

ಎದುರಿನ ಗಾಡಿಯ ನಂಬರ್ ಬರೆದುಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಆ ಗಾಡಿಯ ವಿಮೆ ಯಾವ ದಿನಾಂಕದವರೆಗಿದೆ ಎಂದು ಗೊತ್ತಾಗುತ್ತದೆ. ವಾರಾಂತ್ಯಕ್ಕೆ ಬಂದ ಪ್ರವಾಸಿಗರ ಗಾಡಿಯಾದರೆ ಸಂಜೆಗೇ ಜಿಲ್ಲೆ ದಾಟಿರುತ್ತದೆ, ಹಾಗಾಗಿ ಈ ಕೆಲಸ ಅಲ್ಲೇ ಆಗಬೇಕು. ಪಕ್ಕದ ಪೆಟ್ರೋಲ್ ಬಂಕ್, ಹೋಂಸ್ಟೇ, ಅಂಗಡಿಯಲ್ಲಿ ಸಿಸಿಟಿವಿ ಇದೆಯೇ ನೋಡಿ. ಹಳೆಯ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಡುವಂತೆ ಮಾಲೀಕರನ್ನು ಕೇಳಿ, ತನಿಖಾಧಿಕಾರಿಗೂ ಲಿಖಿತವಾಗಿ ತಿಳಿಸಿ.

4. ಆಸ್ಪತ್ರೆಯಲ್ಲಿ ಬರೆಯುವ ಮೊದಲ ಸಾಲು

ಈ ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಡ್ಯೂಟಿ ಡಾಕ್ಟರ್ "ಹೇಗಾಯ್ತು?" ಎಂದು ಕೇಳುತ್ತಾರೆ. ಕರೆದುಕೊಂಡು ಬಂದವರು ಪೊಲೀಸ್ ಗಲಾಟೆ ಯಾಕೆ ಎಂದೋ, ಗಾಬರಿಯಲ್ಲೋ "ಬೈಕಿಂದ ಬಿದ್ದ ಸಾರ್" ಎಂದುಬಿಡುತ್ತಾರೆ. ಡಾಕ್ಟರ್ ಹಾಗೆಯೇ ಬರೆದುಕೊಳ್ಳುತ್ತಾರೆ. ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಅದೇ ಸಾಲನ್ನು ಹಿಡಿದು, "ಯಾವ ಗಾಡಿಯೂ ಗುದ್ದಿಲ್ಲ, ತಾನೇ ಜಾರಿ ಬಿದ್ದದ್ದು, ಆಮೇಲೆ ಲಾರಿಯನ್ನು ಸೇರಿಸಿದ್ದಾರೆ" ಎಂದು ವಾದಿಸುತ್ತಾರೆ. ಆಮೇಲೆ ಎಷ್ಟು ಸಾಕ್ಷಿ ತಂದರೂ ಆ ಸಾಲನ್ನು ಅಳಿಸುವುದು ಕಷ್ಟ. ಯಾಕೆಂದರೆ ಅದು ಅಪಘಾತವಾದ ಗಂಟೆಯೊಳಗೆ, ದುಡ್ಡಿನ ಯೋಚನೆ ಬರುವ ಮುಂಚೆ ಹೇಳಿದ ಮಾತು. ನ್ಯಾಯಾಧೀಶರು ಅದನ್ನು ನಂಬುವುದು ಸಹಜ.

ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಹೇಳಿ: ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ, ಯಾವ ಗಾಡಿ, ನಂಬರ್ ಗೊತ್ತಿದ್ದರೆ ನಂಬರ್, ಗಾಯಾಳು ಓಡಿಸುತ್ತಿದ್ದರೇ, ಹಿಂದೆ ಕೂತಿದ್ದರೇ, ನಡೆದು ಹೋಗುತ್ತಿದ್ದರೇ. ಬರೆದದ್ದನ್ನು ಓದಿ ಹೇಳಲು ಕೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ನಿಜವಾಗಿಯೂ ತಾನೇ ಬಿದ್ದದ್ದಾದರೆ ಅದನ್ನೇ ಹೇಳಿ. ಅದಕ್ಕೂ ಕೆಲವು ದಾರಿಗಳಿವೆ, ಮುಂದೆ ಹೇಳುತ್ತೇನೆ.

"ಎಂಎಲ್‌ಸಿ ಮಾಡಿಸಬೇಕಾ?" ಎಂದು ಸಿಬ್ಬಂದಿ ಕೇಳಿದರೆ ಹೌದು ಎನ್ನಿ. ಎಂಎಲ್‌ಸಿ ಎಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ ಎಂದು ಆಸ್ಪತ್ರೆ ದಾಖಲಿಸಿಕೊಳ್ಳುವುದು. ಅದರ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಗಾಯದ ಪ್ರಮಾಣಪತ್ರ (ಗಾಯ ಸಾಮಾನ್ಯವೋ ತೀವ್ರವೋ ಎಂದು ವೈದ್ಯರು ಪೊಲೀಸರಿಗೆ ಕೊಡುವ ಕಾಗದ) ಬರುವುದು ಇದರ ಆಧಾರದ ಮೇಲೆ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಪ್ರಥಮ ಚಿಕಿತ್ಸೆ ಮಾಡಿ ಹಾಸನದ ಹಿಮ್ಸ್‌ಗೋ ಮಂಗಳೂರಿಗೋ ಕಳಿಸಿದರೆ, ಮೊದಲ ಆಸ್ಪತ್ರೆಯ ಚೀಟಿಯನ್ನು ಕಳೆಯಬೇಡಿ. ಆ ಪುಟ್ಟ ಒಪಿಡಿ ಚೀಟಿಯಲ್ಲೇ ಮೊದಲ ಸಾಲಿರುತ್ತದೆ. ದೊಡ್ಡ ಆಸ್ಪತ್ರೆಯ ಫೈಲಿನ ಮುಂದೆ ಅದಕ್ಕೆ ಬೆಲೆಯಿಲ್ಲ ಎಂದುಕೊಂಡು ಬಿಸಾಕಿದವರು ಬೇಕಾದಷ್ಟು ಜನ.

ದುಡ್ಡಿನ ವಿಷಯ. ತುರ್ತು ಚಿಕಿತ್ಸೆಗೆ ಪೊಲೀಸ್ ಕಾಗದ ಬರಲಿ ಎಂದು ವೈದ್ಯರು ಕಾಯುವಂತಿಲ್ಲ, ತಡಮಾಡದೆ ನೋಡಬೇಕೆಂದು 134ನೇ ಕಲಮೇ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ರಸ್ತೆ ಅಪಘಾತದ ಪ್ರತಿ ಗಾಯಾಳುವಿಗೂ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಯಾವ ರಸ್ತೆಯಾದರೂ ಸರಿ. ಆದರೆ ಆಸ್ಪತ್ರೆ ಆ ಯೋಜನೆಗೆ ಸೇರಿರಬೇಕು. ಸೇರದ ಆಸ್ಪತ್ರೆಯಲ್ಲಿ ಜೀವ ಸ್ಥಿರಗೊಳಿಸುವಷ್ಟು ಚಿಕಿತ್ಸೆಗೆ ಮಾತ್ರ ಅನ್ವಯ. ದಾಖಲಾಗುವಾಗಲೇ "ರಸ್ತೆ ಅಪಘಾತದ ಕ್ಯಾಶ್‌ಲೆಸ್ ಯೋಜನೆಯಲ್ಲಿ ಸೇರಿಸಿ" ಎಂದು ಬಾಯಿಬಿಟ್ಟು ಕೇಳಿ. ಇದು ಅಪಘಾತವೇ ಎಂದು ಪೊಲೀಸರು ದೃಢಪಡಿಸಬೇಕಾಗುತ್ತದೆ, ಎಂಎಲ್‌ಸಿ ಬೇಕೆನ್ನುವುದಕ್ಕೆ ಇದು ಇನ್ನೊಂದು ಕಾರಣ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವನ್ನೂ ಕೇಳಿ.

5. ಠಾಣೆ

ನಗರದೊಳಗಾದರೆ ಸಂಚಾರ ಠಾಣೆ, ಹೊರಗಾದರೆ ಆ ಸರಹದ್ದಿನ ಠಾಣೆ. ಗಾಯಾಳುವೇ ಹೋಗಬೇಕೆಂದಿಲ್ಲ. ಕಂಡವರು, ಮನೆಯವರು ಯಾರು ಬೇಕಾದರೂ ದೂರು ಕೊಡಬಹುದು.

ನಮ್ಮ ಘಾಟಿಗಳಲ್ಲಿ ಸರಹದ್ದಿನದೇ ದೊಡ್ಡ ತಲೆನೋವು. ಶಿರಾಡಿಯಲ್ಲಿ ಮಾರನಹಳ್ಳಿ ಕಳೆದು ಇಳಿದರೆ, ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರದಿಂದ ಕೆಳಗಿಳಿಯುತ್ತಾ ಹೋದರೆ ಜಿಲ್ಲೆ ಬದಲಾಗಿ ದಕ್ಷಿಣ ಕನ್ನಡ ಬರುತ್ತದೆ. "ಇದು ನಮ್ಮ ಲಿಮಿಟ್ ಅಲ್ಲ, ಆ ಕಡೆ ಹೋಗಿ" ಎಂದು ಅಲೆಸುವುದಕ್ಕೆ ಈಗ ಅವಕಾಶವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಅದನ್ನು ದಾಖಲಿಸಿಕೊಂಡು ಸರಿಯಾದ ಠಾಣೆಗೆ ಕಳಿಸುತ್ತಾರೆ, ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. ಆನ್‌ಲೈನ್ ಮೂಲಕವೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ದೂರಿನಲ್ಲಿ ಏನಿರಬೇಕು? "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ" ಎಂಬ ಮಾತು ಎಲ್ಲ ದೂರಿನಲ್ಲೂ ಇರುತ್ತದೆ. ಅದೊಂದೇ ಇದ್ದರೆ ಸಾಲದು. "ಹಾಸನದ ಕಡೆಯಿಂದ ಸಕಲೇಶಪುರದ ಕಡೆಗೆ ಎಡಬದಿಯಲ್ಲಿ ಹೋಗುತ್ತಿದ್ದಾಗ, ಬಾಳ್ಳುಪೇಟೆ ದಾಟಿದ ಮೇಲೆ, ಎದುರಿನಿಂದ ಬಂದ ಗಾಡಿ ಮುಂದಿದ್ದ ಬಸ್ಸನ್ನು ಹಿಂದಿಕ್ಕಲು ಬಲಕ್ಕೆ ಬಂದು ಗುದ್ದಿತು" ಎನ್ನುವಷ್ಟು ಸ್ಪಷ್ಟವಿರಲಿ. ಸಹಿಗೆ ಮುಂಚೆ ಪೂರ್ತಿ ಓದಿ. ದಿನಾಂಕ, ಹೊತ್ತು, ಗಾಡಿ ನಂಬರ್ ಮೂರನ್ನೂ ಬೆರಳಿಟ್ಟು ನೋಡಿ. ನಂಬರಿನ ಒಂದು ಅಂಕೆ ತಪ್ಪಿದರೂ ಮುಂದೆ ಅದೇ ದೊಡ್ಡ ವಾದವಾಗುತ್ತದೆ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ತೆಗೆದುಕೊಳ್ಳಿ.

ತಡವಾದರೆ? ಆಸ್ಪತ್ರೆಯಲ್ಲಿ ಜೀವ ಉಳಿಸುವುದರಲ್ಲಿ ಇದ್ದವರು ನಾಲ್ಕು ದಿನ ತಡವಾಗಿ ದೂರು ಕೊಟ್ಟರೆ ಅದಕ್ಕಾಗಿಯೇ ಅರ್ಜಿ ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ತಡಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಬೇಕು.

ಇದರ ನಂತರ ಪೊಲೀಸರು ಸ್ಥಳ ಮಹಜರು (ಪಂಚರು ಎಂಬ ಸಾಕ್ಷಿಗಳ ಮುಂದೆ ಸ್ಥಳ ಪರಿಶೀಲಿಸಿ ಬರೆಯುವ ವರದಿ) ಮಾಡುತ್ತಾರೆ, ನಕಾಶೆ ಬರೆಯುತ್ತಾರೆ, ಮೋಟಾರು ವಾಹನ ನಿರೀಕ್ಷಕರಿಂದ ಗಾಡಿ ತಪಾಸಣೆ ಮಾಡಿಸುತ್ತಾರೆ. ಮಹಜರಿಗೆ ನಿಮ್ಮ ಕಡೆಯವರು, ಸ್ಥಳ ಗೊತ್ತಿರುವವರು ಹೋಗಲೇಬೇಕು. ನಕಾಶೆಯಲ್ಲಿ ಗುದ್ದಿದ ಜಾಗ ಗೆರೆಯ ಯಾವ ಕಡೆ ಬಂತು ಎಂಬುದರ ಮೇಲೆ ನಿಮ್ಮದೂ ಅರ್ಧ ತಪ್ಪು ಎಂದಾಗಬಹುದು, ಆಗದೆಯೂ ಇರಬಹುದು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅದು ಆಗಿದೆಯೇ ಎಂದು ವಿಚಾರಿಸುವ ಹಕ್ಕು ನಿಮಗಿದೆ.

6. "ರಾಜಿ ಮಾಡ್ಕೊಳ್ಳಿ" ಎಂದರೆ

ಚಿಕ್ಕ ತರಚು ಗಾಯ, ಬಂಪರ್ ಡೆಂಟು ಎಂದರೆ ಮಾತಾಡಿ ಮುಗಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ತಲೆಗೆ ಪೆಟ್ಟು, ಮೂಳೆ ಮುರಿತ, ಹೊಟ್ಟೆಗೆ ಏಟು ಇದ್ದರೆ ಅವತ್ತೇ ರಾಜಿ ಮಾಡಿಕೊಳ್ಳಬೇಡಿ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದು ಮಾರನೇ ದಿನ ಗೊತ್ತಾಗಬಹುದು. ಮುರಿದ ಕಾಲಿಗೆ ಹಾಕಿದ ರಾಡ್ ವರ್ಷದ ಮೇಲೆ ತೆಗೆಯಲು ಇನ್ನೊಂದು ಆಪರೇಷನ್ ಬೇಕು. ಅವತ್ತು ಕೈಗಿಟ್ಟ ಇಪ್ಪತ್ತು ಸಾವಿರಕ್ಕೆ "ಮುಂದೆ ಯಾವ ತಕರಾರಿಲ್ಲ" ಎಂದು ಬರೆದುಕೊಟ್ಟರೆ, ಆ ಕಾಗದ ನಿಮ್ಮ ವಿರುದ್ಧವೇ ಕೋರ್ಟಿಗೆ ಬರುತ್ತದೆ. ಎದುರಿನವರು ಒಳ್ಳೆಯವರೇ ಇರಬಹುದು, ಗುರುತಿನವರೇ ಇರಬಹುದು. ಅವರ ಗಾಡಿಗೆ ವಿಮೆ ಇದ್ದರೆ ದುಡ್ಡು ಕಂಪನಿಯದು, ಅವರ ಜೇಬಿನದಲ್ಲ ಎಂದು ಸಮಾಧಾನವಾಗಿ ಹೇಳಿ. ಎಷ್ಟೋ ಮನಸ್ತಾಪ ಇಷ್ಟಕ್ಕೇ ಬಗೆಹರಿಯುತ್ತದೆ.

7. ನಿಮ್ಮ ಗಾಡಿ, ನಿಮ್ಮ ವಿಮೆ

ವಿಮಾ ಕಂಪನಿಗೆ ಅದೇ ದಿನ ತಿಳಿಸಿ, ಕ್ಲೇಮ್ ಸಂಖ್ಯೆ ಪಡೆಯಿರಿ. ಸರ್ವೇಯರ್ (ಗಾಡಿಯ ಹಾನಿ ಅಂದಾಜು ಮಾಡುವವರು) ನೋಡುವ ಮುಂಚೆ ರಿಪೇರಿ ಶುರು ಮಾಡಿಸಬೇಡಿ. ಘಾಟಿಯಿಂದ ಗಾಡಿ ಎಳೆಸಿದ ಬಿಲ್ ಇಟ್ಟುಕೊಳ್ಳಿ. ಪೊಲೀಸರು ಗಾಡಿ ವಶಪಡಿಸಿಕೊಂಡಿದ್ದರೆ ಆರ್‌ಸಿ, ವಿಮೆ, ಲೈಸೆನ್ಸ್ ಹಾಜರುಪಡಿಸಿ ಬಿಡಿಸಿಕೊಳ್ಳಬೇಕು. ಕುಡಿದು ಓಡಿಸಿದ್ದರೆ ಗಾಡಿಯ ರಿಪೇರಿ ದುಡ್ಡು ಸಿಗುವುದಿಲ್ಲ.

ಥರ್ಡ್ ಪಾರ್ಟಿ ವಿಮೆ ಎಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಗಾಡಿಗೂ ಸೇರಿ ಇರುವುದು ಪ್ಯಾಕೇಜ್ ಪಾಲಿಸಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಬರುವುದರಿಂದ ಬಹಳ ಜನ "ಐದು ವರ್ಷ ವಿಮೆ ಇದೆ" ಎಂದು ನೆಮ್ಮದಿಯಾಗಿರುತ್ತಾರೆ. ಉಳಿದ ಭಾಗ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಪಾಲಿಸಿ ತೆಗೆದು ಇವತ್ತೇ ನೋಡಿ.

8. ದುಡ್ಡು ಯಾರು ಕೊಡಬೇಕು?

ಎದುರಿನ ಗಾಡಿಯ ತಪ್ಪಾದರೆ ಆ ಗಾಡಿಯ ಮಾಲೀಕ ಮತ್ತು ವಿಮಾ ಕಂಪನಿ. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ ಎಂದಾದರೂ ಸಾಮಾನ್ಯವಾಗಿ ಕಂಪನಿ ಮೊದಲು ನಿಮಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ಆದೇಶವಾಗುತ್ತದೆ. ನೀವು ಹೆಲ್ಮೆಟ್ ಹಾಕಿರಲಿಲ್ಲ, ಬೈಕಿನಲ್ಲಿ ಮೂವರಿದ್ದಿರಿ ಎಂಬ ಒಂದೇ ಕಾರಣಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲ.

ಜನ ಎಡವುವುದು ಮುಂದಿನ ಸಂದರ್ಭಗಳಲ್ಲಿ.

ಬೈಕಿನ ಹಿಂದೆ ಕೂತವರು. ಓಡಿಸಿದವನದೇ ತಪ್ಪಾಗಿ ಬಿದ್ದರೆ, ಆ ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಹಿಂದೆ ಕೂತವರಿಗೆ ಕಂಪನಿ ಹೊಣೆಯಲ್ಲ. ಪ್ಯಾಕೇಜ್ ಪಾಲಿಸಿಯಿದ್ದರೆ ಹೊಣೆ. ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರು ಇದೊಂದಕ್ಕಾಗಿಯಾದರೂ ಪ್ಯಾಕೇಜ್ ಪಾಲಿಸಿ ಮಾಡಿಸಿ.

ತಾನೇ ಬಿದ್ದವರು. ಕಾಡಾನೆ ಅಡ್ಡ ಬಂತು, ಕೆಸರಿನಲ್ಲಿ ಜಾರಿತು, ಎದುರು ಗಾಡಿಯಿಲ್ಲ ಎಂದಾದರೆ ಪರಿಹಾರ ಕೇಳಲು ಎದುರುಗಾರನಿಲ್ಲ. ಮಾಲೀಕನೇ ಓಡಿಸುತ್ತಿದ್ದು, ಲೈಸೆನ್ಸ್ ಇದ್ದು, ಪಾಲಿಸಿಯಲ್ಲಿ ವೈಯಕ್ತಿಕ ಅಪಘಾತ ವಿಮೆ ಸೇರಿದ್ದರೆ ಸಾವಿಗೆ 15 ಲಕ್ಷ ರೂಪಾಯಿ ಬರುತ್ತದೆ. ಗೆಳೆಯನ ಬೈಕು ತೆಗೆದುಕೊಂಡು ಹೋಗಿ ತಾನೇ ಬಿದ್ದವನಿಗೆ ಆ ಬೈಕಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಮೂರನೆಯವನ ಹಕ್ಕು ಸಿಗುವುದಿಲ್ಲ.

ಪಿಕಪ್‌ನಲ್ಲಿ ತೋಟದ ಆಳುಗಳು. ಇದನ್ನು ತೋಟದ ಮಾಲೀಕರೂ ಮೇಸ್ತ್ರಿಗಳೂ ದಯವಿಟ್ಟು ಗಮನವಿಟ್ಟು ಓದಿ. ಸರಕು ಸಾಗಿಸುವ ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬುದು ಸುಪ್ರೀಂ ಕೋರ್ಟಿನ ಸ್ಥಿರವಾದ ನಿಲುವು. ಸರಕಿನ ಜೊತೆ ಹೋಗುವ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ರಕ್ಷಣೆಯಿದೆ, ಅದೇ ಗಾಡಿಯ ಲೋಡಿಂಗ್ ಕೆಲಸಗಾರರಿಗೆ ಬೇರೆ ನಿಯಮವಿದೆ. ಆದರೆ ಕೊಯ್ಲಿಗೆಂದು ಹಿಂದೆ ತುಂಬಿಕೊಂಡು ಹೋದ ಹದಿನೈದು ಜನರಿಗೆ ಏನಾದರೂ ಆದರೆ ಹೊಣೆ ಮಾಲೀಕನ ತಲೆಗೇ ಬರುತ್ತದೆ. ಒಂದು ತಿರುವಿನಲ್ಲಿ ಗಾಡಿ ಮಗುಚಿದರೆ ಆಳುಗಳ ಮನೆಗಳ ಜೊತೆ ಮಾಲೀಕನ ತೋಟವೂ ಹೋಗುವಂತಾಗುತ್ತದೆ. ಜನ ಸಾಗಿಸಲು ಪರವಾನಗಿಯಿರುವ ಗಾಡಿಯನ್ನೇ ಗೊತ್ತು ಮಾಡಿ. ಕೆಲಸದ ಸಂಬಂಧ ಪೆಟ್ಟಾದವರು ಕಾರ್ಮಿಕ ಪರಿಹಾರ ಕಾನೂನಿನಡಿಯೂ ಕೇಳಬಹುದು, ಆದರೆ ಎರಡರಲ್ಲಿ ಒಂದೇ ದಾರಿ ಆರಿಸಿಕೊಳ್ಳಬೇಕು.

ಗುದ್ದಿ ಓಡಿಹೋದ ಗಾಡಿ. ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ನಿಧಿಯಿಂದ ಬರುತ್ತದೆ. 2022ರ ಏಪ್ರಿಲ್ 1ರಿಂದ ಈ ಮೊತ್ತ ಜಾರಿಯಲ್ಲಿದೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ ವಿಚಾರಿಸಿ. ಗೊತ್ತಿಲ್ಲದೇ ಬಿಟ್ಟವರೇ ಹೆಚ್ಚು.

9. ಎಂವಿಸಿ ಕೇಸು

ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹಾಕುವ ಅರ್ಜಿಯನ್ನು ಕೋರ್ಟಿನ ಸುತ್ತ ಎಲ್ಲರೂ ಎಂವಿಸಿ ಕೇಸು ಎನ್ನುತ್ತಾರೆ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸವಿರುವ ಊರಿನಲ್ಲಿ ಹಾಕಬಹುದು. ಬೆಂಗಳೂರಿನ ಹತ್ತಿರ ಪೆಟ್ಟಾದ ಆಲೂರಿನವರು ಹಾಸನದಲ್ಲೇ ಕೇಸು ನಡೆಸಬಹುದು.

ಗಡುವು: ಅಪಘಾತದ ದಿನದಿಂದ 6 ತಿಂಗಳು. ಮೊದಲು ಈ ಮಿತಿ ಇರಲಿಲ್ಲ, 2022ರ ಏಪ್ರಿಲ್‌ನಿಂದ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಆದ್ದರಿಂದ ತಡವಾದವರು ಕೈಬಿಡದೆ ವಕೀಲರನ್ನು ಕಾಣಿ, ತಡವಾಗದವರು 6 ತಿಂಗಳೊಳಗೇ ಹಾಕಿ.

ಎರಡು ಬಗೆ ಅರ್ಜಿಗಳಿವೆ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ನಿಗದಿ. 166ನೇ ಕಲಮಿನಡಿ ತಪ್ಪು ಸಾಬೀತು ಮಾಡಬೇಕು, ಆದರೆ ನಿಜವಾದ ನಷ್ಟದ ಲೆಕ್ಕ ಸಿಗುತ್ತದೆ. ದುಡಿಯುವವರು ತೀರಿಕೊಂಡಿದ್ದರೆ ಸಾಕ್ಷ್ಯವಿರುವಾಗ 166 ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂಬುದಕ್ಕೆ ಲೆಕ್ಕ ನೋಡಿ. 34 ವರ್ಷದ ಕಾಳುಮೆಣಸು ಕೀಳುವ ಕೆಲಸಗಾರ, ತಿಂಗಳಿಗೆ 15,000 ರೂಪಾಯಿ ದುಡಿಮೆ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದೆ ಹೆಚ್ಚಬಹುದಾದ ಆದಾಯವೆಂದು ಶೇ 40 ಸೇರಿಸುತ್ತಾರೆ: 21,000. ವರ್ಷಕ್ಕೆ 2,52,000. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 1,89,000. 31ರಿಂದ 35 ವರ್ಷದವರಿಗೆ ಗುಣಕ (ವಯಸ್ಸಿಗೆ ತಕ್ಕಂತೆ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ) 16. ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಮೊತ್ತಗಳು ಇದರ ಮೇಲೆ. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಈ ಲೆಕ್ಕವನ್ನೇ ಎಲ್ಲ ನ್ಯಾಯಮಂಡಳಿಗಳೂ ಅನುಸರಿಸುತ್ತವೆ. ಇದು ಗೊತ್ತಿದ್ದರೆ ಐದಾರು ಲಕ್ಷಕ್ಕೆ ಮುಗಿಸಿಕೊಳ್ಳಿ ಎನ್ನುವವರ ಮಾತಿಗೆ ಬಲಿಯಾಗುವುದಿಲ್ಲ.

ಆ 15,000ವನ್ನು ತೋರಿಸುವುದೇ ಕಷ್ಟ. ತೋಟದ ಕೆಲಸಗಾರರಾದರೆ ಚೆಕ್‌ರೋಲ್ (ತೋಟದ ಹಾಜರಿ, ಕೂಲಿಯ ಪುಸ್ತಕ) ನಕಲು, ರೈಟರ್ (ತೋಟದ ಲೆಕ್ಕ ಬರೆಯುವವರು) ಅಥವಾ ಮಾಲೀಕರ ಸಾಕ್ಷ್ಯ. ಕೃಷಿಕರಾದರೆ ಪಹಣಿ, ಕಾಫಿ ಮಾರಿದ ರಸೀದಿ. ಡ್ರೈವರಾದರೆ ಬ್ಯಾಂಕ್ ಪಾಸ್‌ಬುಕ್. ಏನೂ ಇಲ್ಲದಿದ್ದರೆ ನ್ಯಾಯಮಂಡಳಿ ಅಪಘಾತದ ವರ್ಷಕ್ಕೆ ತಕ್ಕಂತೆ ಒಂದು ಅಂದಾಜು ಆದಾಯ ಹಿಡಿಯುತ್ತದೆ.

ಗಾಯದ ಪ್ರಕರಣದಲ್ಲಿ ಅಂಗವೈಕಲ್ಯದ ಶೇಕಡಾವಾರು ಸಂಖ್ಯೆಯೇ ಎಲ್ಲ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಆ ವೈಕಲ್ಯದಿಂದ ಆ ವ್ಯಕ್ತಿಯ ದುಡಿಮೆ ಎಷ್ಟು ಹೋಯಿತು ಎಂಬುದನ್ನು ನೋಡಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊಣಕಾಲು ಪೂರ್ತಿ ಮಡಚಲಾಗದಿದ್ದರೆ ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಆಗುವ ನಷ್ಟ ಬೇರೆ, ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೀಳುವವನಿಗೆ ಬೇರೆ. ಅವನಿಗೆ ಆ ಕಸುಬೇ ಮುಗಿಯಿತು. ಚಿಕಿತ್ಸೆ ಮಾಡಿದ ವೈದ್ಯರ ಸಾಕ್ಷ್ಯದಲ್ಲಿ ಅವನ ಕೆಲಸ ಏನಿತ್ತು ಎಂಬುದು ಬರುವಂತೆ ವಕೀಲರಿಗೆ ನೆನಪಿಸಿ.

ವಕೀಲರ ಹತ್ತಿರ ಮೊದಲ ಸಲ ಹೋಗುವಾಗ ಎಫ್‌ಐಆರ್, ದೂರು, ಮಹಜರು, ನಕಾಶೆ, ಗಾಡಿ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆ ವರದಿ, ಡಿಸ್ಚಾರ್ಜ್ ಸಾರಾಂಶ, ಮೂಲ ಬಿಲ್ಲುಗಳು, ಎಕ್ಸ್‌ರೇ, ಆಧಾರ್, ವಯಸ್ಸಿನ ದಾಖಲೆ ತೆಗೆದುಕೊಂಡು ಹೋಗಿ. ಔಷಧಿ ಅಂಗಡಿಯ ಬಿಲ್ಲಿನ ಅಚ್ಚು ತಿಂಗಳುಗಳಲ್ಲೇ ಮಾಸುತ್ತದೆ, ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಓಡಾಟದ ಬಾಡಿಗೆ ರಸೀದಿಗಳೂ ಇರಲಿ.

ವಕೀಲರ ಶುಲ್ಕ ಮೊದಲೇ ಮಾತಾಡಿ. ಬರುವ ಪರಿಹಾರದಲ್ಲಿ ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದಕ್ಕೆ ವಕೀಲರ ಪರಿಷತ್ತಿನ ನಿಯಮಗಳು ಅವಕಾಶ ಕೊಡುವುದಿಲ್ಲ. ಆಸ್ಪತ್ರೆ ವಾರ್ಡಿಗೇ ಬಂದು ಖಾಲಿ ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಸಹಿ ಮಾಡಿಸಿಕೊಳ್ಳುವ ಮಧ್ಯವರ್ತಿಗಳಿಗೆ ಸಹಿ ಕೊಡಬೇಡಿ. ಖರ್ಚಿಗೆ ಶಕ್ತಿಯಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಮಿತಿಯಿಲ್ಲ. ಸಹಾಯವಾಣಿ 15100.

10. ತೀರ್ಪು ಬಂದ ಮೇಲೆ

ಲೋಕ ಅದಾಲತ್‌ನಲ್ಲಿ ಕಂಪನಿಯೇ ಮೊತ್ತ ಮುಂದಿಟ್ಟರೆ ಮೇಲಿನ ಲೆಕ್ಕ ಹಾಕಿ ನೋಡಿ. ಸ್ವಲ್ಪ ಕಡಿಮೆಯಾದರೂ ಬೇಗ ಸಿಗುತ್ತದೆ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿಯಿಲ್ಲ. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು, ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆಗುವುದಿಲ್ಲ.

ದುಡ್ಡು ನೇರವಾಗಿ ಹಕ್ಕುದಾರರ ಖಾತೆಗೆ ಬರುವಂತೆ ಕೇಳಿ. ಮಕ್ಕಳ ಪಾಲನ್ನು ಪ್ರಾಯಕ್ಕೆ ಬರುವವರೆಗೆ ನಿಶ್ಚಿತ ಠೇವಣಿಯಲ್ಲಿಡಲು ನ್ಯಾಯಮಂಡಳಿ ಆದೇಶಿಸುತ್ತದೆ. ಉಳಿದವರ ಪಾಲಿನಲ್ಲೂ ಒಂದಷ್ಟು ಠೇವಣಿಗೆ ಹೋಗಬಹುದು. ಓದು, ಆಪರೇಷನ್‌ನಂಥ ನಿಜವಾದ ಅಗತ್ಯ ಬಂದರೆ ಅರ್ಜಿ ಹಾಕಿ ಅನುಮತಿ ಪಡೆದು ಬಿಡಿಸಿಕೊಳ್ಳಬಹುದು. ಬ್ಯಾಂಕಿನ ವಿತ್‌ಡ್ರಾವಲ್ ಚೀಟಿಗೆ, ಚೆಕ್ಕಿಗೆ ಮುಂಚೆಯೇ ಖಾಲಿ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ಪಾಸ್‌ಬುಕ್, ಎಟಿಎಂ ಕಾರ್ಡ್ ಹಕ್ಕುದಾರರ ಹತ್ತಿರವೇ ಇರಲಿ.